ಹೊರೆ ಹೊರುವ ಲಾಮಾ

ಲಾಮಾ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಬೈಲಕುಪ್ಪೆಯಲ್ಲಿ ಕಾಣಸಿಗುವ ಟಿಬೆಟಿನ ಗುರುಗಳು. ನಾವಿಲ್ಲಿ ಹೇಳಹೊರಟಿರುವುದು ಅವರ ವಿಷಯವಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ, ಮುಖ್ಯವಾಗಿ ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ, ಹೊರೆ ಹೊರುವ ಒಂದು ಸಾಕುಪ್ರಾಣಿಗೂ ಇದೇ ಹೆಸರು. ಎರಡು ಶಬ್ದಗಳಿಗೂ ಪರಸ್ಪರ ನಂಟಿಲ್ಲ. ಪ್ರಾಣಿಯ ಹೆಸರು ಅಲ್ಲಿನ ಕೆಚುವಾ ಭಾಷೆಯದು. ಆ ಜನ ಮೊದಲಕ್ಷರವನ್ನು 'ಲ್ಯ' ಎಂಬಂತೆ ಉಚ್ಚರಿಸುತ್ತಾರೆ. ಸ್ಪೇನಿನವರ ಬಾಯಲ್ಲಿ ಅದು 'ಯಾಮ' ಎಂದಾಯಿತು.

ಲಾಮಾ ಒಂಟೆಯ ಕುಲಕ್ಕೆ ಸೇರಿದ್ದು. ಆದರೆ ಬೆನ್ನಿನ ಮೇಲೆ ಡುಬ್ಬವಿಲ್ಲ, ಗಾತ್ರವೂ ಚಿಕ್ಕದು. ಭುಜದ ತನಕ ಅಳೆದರೆ ಸುಮಾರು ನಾಲ್ಕು ಅಡಿ. ಬೆಳೆದ ಗಂಡಿನ ತೂಕ 130ರಿಂದ 200 ಕಿಲೋಗ್ರಾಂ. ಗ್ವನಾಕೊ ಎಂಬ ಕಾಡುಪ್ರಾಣಿಯನ್ನು ಪಳಗಿಸಿ ಆಂಡಿಸ್ ಜನ ಇದನ್ನು ಪಡೆದು ಆರು ಸಾವಿರ ವರ್ಷಗಳಾದರೂ ಆಗಿರಬೇಕು. ಮೈತುಂಬ ಉಣ್ಣೆ, ಪಾದದಲ್ಲಿ ಎರಡು ಬೆರಳು, ಬೆರಳಿನಡಿ ಮೆತ್ತನೆಯ ಚರ್ಮದ ದಿಂಬು. ಗೊರಸಿಲ್ಲವಾದ್ದರಿಂದ ಜಾರುವ ಬಂಡೆಯ ಮೇಲೂ ಕಾಲೂರಿ ನಿಲ್ಲುತ್ತದೆ. ಕಾಲುದಾರಿಯನ್ನು ಕುದುರೆಯಷ್ಟು ಕೆಡಿಸುವುದಿಲ್ಲ. ನಾವು ಏದುಸಿರು ಬಿಡಬೇಕಾದ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಅದು ಸಲೀಸಾಗಿ ನಡೆಯುತ್ತದೆ. ಅದರ ರಕ್ತಕ್ಕೆ ತೆಳುಗಾಳಿಯಲ್ಲಿರುವ ಅಲ್ಪ ಆಮ್ಲಜನಕವನ್ನೂ ಬಿಗಿಯಾಗಿ ಹಿಡಿದುಕೊಳ್ಳುವ ಗುಣವಿದೆ.

ಇಂಕಾ ಅರಸರ ಕಾಲದಲ್ಲಿ ಆ ನಾಡಿನಲ್ಲಿ ಗಾಡಿ ಇರಲಿಲ್ಲ, ಕುದುರೆ ಇರಲಿಲ್ಲ. ಇದ್ದುದು ಮನುಷ್ಯನ ಬೆನ್ನು ಮತ್ತು ಲಾಮಾದ ಬೆನ್ನು. 1545ರಲ್ಲಿ ಪೊಟೊಸಿ ಬೆಟ್ಟದಲ್ಲಿ ಬೆಳ್ಳಿ ಸಿಕ್ಕ ಮೇಲೆ ಸ್ಪೇನಿನವರು ಅದನ್ನು ಸಮುದ್ರತೀರಕ್ಕೆ ಇಳಿಸಿದ್ದೂ ಮೊದಮೊದಲು ಈ ಪ್ರಾಣಿಯ ಮೇಲೆಯೇ. ಯುರೋಪಿಗೆ ಹೋದ ಆ ಬೆಳ್ಳಿಯ ಕಥೆಯನ್ನು ಚರಿತ್ರೆಯ ಪುಸ್ತಕಗಳು ಉದ್ದಕ್ಕೆ ಬರೆಯುತ್ತವೆ. ಹೊತ್ತ ಪ್ರಾಣಿಗೆ ಅಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಆಮೇಲೆ ಬೊಲಿವಿಯಾದ ಉಪ್ಪಿನ ಬಯಲುಗಳಿಂದ ಉಪ್ಪು ಹೊತ್ತು ಕಣಿವೆಗಿಳಿದು, ಮೆಕ್ಕೆಜೋಳ ಹೊತ್ತು ಹಿಂದಿರುಗುವ ಸಾಲುಗಳು ಇಪ್ಪತ್ತನೆಯ ಶತಮಾನದಲ್ಲೂ ಇದ್ದವು. ಘಟ್ಟದಿಂದ ಅಕ್ಕಿ ತಂದು ಕರಾವಳಿಯ ಉಪ್ಪು ಕೊಂಡೊಯ್ಯುತ್ತಿದ್ದ ನಮ್ಮ ಹೇರೆತ್ತುಗಳ ವಿಷಯ ಹಿರಿಯರಿಂದ ಕೇಳಿದವರಿಗೆ ಇದು ಹೊಸದೆನಿಸದು. ಅಲ್ಲಿಯೂ ಲಾರಿ ಬಂದಿತು, ಸಾಲುಗಳು ಕರಗಿದವು. ಈಗ ಪರ್ವತ ಸುತ್ತಲು ಬರುವ ಪ್ರವಾಸಿಗಳ ಡೇರೆ, ಪಾತ್ರೆಗಳನ್ನು ಲಾಮಾ ಹೊರುವುದುಂಟು. ಅಮೆರಿಕ ಸಂಯುಕ್ತ ಸಂಸ್ಥಾನದ ಬೆಟ್ಟಗಳಲ್ಲೂ 1970ರ ದಶಕದಿಂದೀಚೆಗೆ ಈ ರೂಢಿ ಹರಡಿದೆ.

ಹೊರೆಗೆ ಆರಿಸುವುದು ಸಾಮಾನ್ಯವಾಗಿ ಬೀಜ ಒಡೆದ ಗಂಡುಗಳನ್ನು. ತಾಯಿ ಸತ್ತ ಗಂಡುಮರಿಯನ್ನು ಮನೆಯೊಳಗೆ ಬಾಟಲಿ ಹಾಲು ಕೊಟ್ಟು ಮುದ್ದಿನಿಂದ ಬೆಳೆಸಿದರೆ ಅದು ಮನುಷ್ಯನನ್ನೂ ತನ್ನ ಜಾತಿಯವನೆಂದೇ ತಿಳಿಯುತ್ತದೆ. ಪ್ರಾಯಕ್ಕೆ ಬಂದಾಗ ಎದುರಾಳಿಯೆಂದು ಮೈಮೇಲೆ ಏರಿ ಬರುವುದೂ ಉಂಟು. ಆದ್ದರಿಂದ ತಿಳಿದವರು ಮರಿಯನ್ನು ಹಿಂಡಿನಲ್ಲೇ ಬಿಡುತ್ತಾರೆ.

ಪಳಗಿಸುವ ಕೆಲಸ ಚಿಕ್ಕ ಪ್ರಾಯದಲ್ಲೇ ಆರಂಭವಾದರೂ ಹೊರೆ ಮಾತ್ರ ತಡವಾಗಿ. ಮೊದಲು ಕುತ್ತಿಗೆ, ಬೆನ್ನು, ಕೊನೆಗೆ ಕಾಲು ಮುಟ್ಟಿಸಿಕೊಳ್ಳಲು ಕಲಿಯಬೇಕು. ಕಾಲು ಮುಟ್ಟುವುದು ಅದಕ್ಕೆ ಸ್ವಲ್ಪವೂ ಹಿಡಿಸದು. ಎತ್ತಿನಂತೆ ಇದರ ಮೂಗು ಚುಚ್ಚಿ ಮೂಗುದಾರ ಹಾಕುವುದಿಲ್ಲ. ಕುದುರೆಗೆ ಹಾಕುವಂತೆ ಮುಖ ಬಳಸುವ ಪಟ್ಟಿ ಸಾಕು. ಇಲ್ಲಿ ಒಂದು ಎಚ್ಚರಿಕೆ ಬೇಕು. ಲಾಮಾದ ಮೂಗಿನ ಎಲುಬು ಬಹಳ ಗಿಡ್ಡ. ಅದರ ಮುಂದಿರುವುದೆಲ್ಲ ಮೃದ್ವಸ್ಥಿ. ಪಟ್ಟಿ ಜಾರಿ ಮುಂದೆ ಬಂದರೆ ಉಸಿರು ಕಟ್ಟುತ್ತದೆ. ಬಾಯಲ್ಲಿ ಉಸಿರಾಡಿ ಅಭ್ಯಾಸವಿಲ್ಲದ ಪ್ರಾಣಿ ಗಾಬರಿಯಾಗಿ ಹಗ್ಗ ಜಗ್ಗಿದರೆ, ನೋಡುವವರು ಅದನ್ನು ಹಟಮಾರಿ ಎನ್ನುತ್ತಾರೆ! ಪಟ್ಟಿ ಕಣ್ಣಿನ ಸಮೀಪ, ಎಲುಬಿನ ಮೇಲೆಯೇ ಕೂರಬೇಕು.

ನಡೆಸಲು ಒಗ್ಗಿದ ಮೇಲೆ ಬರಿ ಜೀನು, ಅನಂತರ ಖಾಲಿ ಚೀಲ, ಆಮೇಲೆ ಸ್ವಲ್ಪ ಸ್ವಲ್ಪವೇ ತೂಕ. ಬಿದ್ದ ಮರ ದಾಟುವುದು, ತೊರೆಗಿಳಿಯುವುದು, ಕಿರುಸೇತುವೆ ದಾಟುವುದು ಇವೂ ಪಾಠಗಳೇ. ಪಾಠ ದಿನಕ್ಕೆ ಕಾಲು ಗಂಟೆಯಾದರೂ ಸಾಕು, ಆದರೆ ದಿನವೂ ಬೇಕು. ಎಲುಬು ಬಲಿಯಲು ಮೂರು ನಾಲ್ಕು ವರ್ಷ ಹಿಡಿಯುವುದರಿಂದ ಅದಕ್ಕೆ ಮೊದಲು ಪೂರ್ಣ ಹೊರೆ ಹೇರಬಾರದು. ಹೇರಿದರೆ ಕಾಲು, ಬೆನ್ನು ಎರಡೂ ಕೆಡುತ್ತವೆ.

ಎಷ್ಟು ಹೊರೆ? ಒಳ್ಳೆಯ ಮೈಕಟ್ಟಿನ, ರೂಢಿಯಾದ ಪ್ರಾಣಿಗೆ ದೇಹದ ತೂಕದ ನಾಲ್ಕನೆಯ ಒಂದು ಪಾಲು, ಹೊಸದಕ್ಕೆ ಅದಕ್ಕಿಂತ ಕಡಿಮೆ. ಆಂಡಿಸಿನ ಕುರುಬರು 25ರಿಂದ 30 ಕಿಲೋಗ್ರಾಂ ಹೇರಿ ದಿನಕ್ಕೆ 15-20 ಕಿಲೋಮೀಟರ್ ನಡೆಸುತ್ತಾರೆ. ಮೀರಿದರೆ ಲಾಮಾ ಜಗಳವಾಡುವುದಿಲ್ಲ. ಕಾಲು ಮಡಚಿ ಮಲಗುತ್ತದೆ, ಹೊಡೆದರೂ ಏಳದು. ಹೆಚ್ಚು ಕೆಣಕಿದರೆ ಕಿವಿಯನ್ನು ಹಿಂದಕ್ಕೆ ಚಪ್ಪಟೆ ಮಾಡಿ, ಗದ್ದ ಎತ್ತಿ, ಹೊಟ್ಟೆಯಲ್ಲಿದ್ದುದನ್ನು ಮುಖಕ್ಕೆ ಉಗುಳೀತು. (ನಮ್ಮ ಮಕ್ಕಳ ಪುಸ್ತಕದ ಚೀಲ ದೇಹತೂಕದ ನೂರಕ್ಕೆ ಹತ್ತನ್ನು ಮೀರಬಾರದೆಂದು ಕೇಂದ್ರ ಸರಕಾರದ 2020ರ ನೀತಿ ಹೇಳುತ್ತದೆ. ಹೆತ್ತವರು ಒಮ್ಮೆ ತೂಗಿ ನೋಡಬಹುದು. ಮಕ್ಕಳಂತೂ ದಾರಿಯಲ್ಲಿ ಮಲಗಲಾರರು.)

ಹೇರುವ ಮೊದಲು ಬೆನ್ನಿನ ಉಣ್ಣೆಯಲ್ಲಿ ಸಿಕ್ಕಿದ ಮುಳ್ಳು, ಕಡ್ಡಿಗಳನ್ನು ತೆಗೆಯಬೇಕು. ಆಂಡಿಸಿನಲ್ಲಿ ಜೀನಿಲ್ಲದೆ, ಚೀಲವನ್ನು ಬೆನ್ನಿಗೆ ಅಡ್ಡಲಾಗಿ ಇಟ್ಟು ಲಾಮಾದ ಉಣ್ಣೆಯಿಂದಲೇ ಹೊಸೆದ ಹಗ್ಗದಿಂದ ಬಿಗಿಯುತ್ತಾರೆ. ಅಮೆರಿಕದವರ ಜೀನಿನಲ್ಲಿ ಬೆನ್ನೆಲುಬಿನ ಎರಡೂ ಮಗ್ಗುಲಿಗೆ ಮೆತ್ತೆಗಳಿದ್ದು, ಭಾರ ಎಲುಬಿನ ಮೇಲೆ ಬೀಳದೆ ಪಕ್ಕೆಗಳಿಗೆ ಹಂಚಿಹೋಗುತ್ತದೆ. ಜೀನು ಏರುದಾರಿಯಲ್ಲಿ ಹಿಂದಕ್ಕೆ ಜಾರದಂತೆ ಎದೆಪಟ್ಟಿ, ಇಳಿಜಾರಿನಲ್ಲಿ ಮುಂದಕ್ಕೆ ಬಾರದಂತೆ ಬಾಲದ ಕಡೆ ಇನ್ನೊಂದು ಪಟ್ಟಿ. ನಮ್ಮ ಹೇರೆತ್ತಿನ ಕಂಟಲೆಯಂತೆ ಎಡಬಲಕ್ಕೆ ಎರಡು ಚೀಲ. ಇವು ಸಮತೂಕವಾಗಿರಬೇಕು, ಅಂದಾಜು ಸಾಲದು, ಪ್ರಯೋಗಶಾಲೆಯಲ್ಲಿ ನೀವು ನೋಡಿರುವಂಥ ಸ್ಪ್ರಿಂಗ್ ತಕ್ಕಡಿಯಲ್ಲೇ ತೂಗುತ್ತಾರೆ. ಅರ್ಧ ಕಿಲೋ ಹೆಚ್ಚಾದರೂ ಜೀನು ನಿಧಾನವಾಗಿ ಒಂದು ಕಡೆ ವಾಲಿ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಭಾರವಾದ ವಸ್ತು ತಳದಲ್ಲಿ, ಮೈಗೆ ಹತ್ತಿರ, ಹಗುರವಾದದ್ದು ಮೇಲೆ. ಗುರುತ್ವ ಕೇಂದ್ರದ ಪಾಠ ಇಲ್ಲಿ ಪುಸ್ತಕ ಬಿಟ್ಟು ಹೊರಬಂದಿದೆ. ಪಾತ್ರೆಗಳು ಕಣಕಣ ಸದ್ದು ಮಾಡದಂತೆ ಬಟ್ಟೆ ಸುತ್ತುವುದೂ ಅಗತ್ಯ.

ಹೊರಟು ಕಾಲು ಗಂಟೆಯಾದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯುತ್ತಾರೆ, ಏಕೆಂದರೆ ಅಷ್ಟರಲ್ಲಿ ಉಣ್ಣೆ ಅದುಮಿ ಹೊಟ್ಟೆಪಟ್ಟಿ ಸಡಿಲವಾಗಿರುತ್ತದೆ. ಆಂಡಿಸಿನ ಸಾಲಿನಲ್ಲಿ ಲಾಮಾಗಳನ್ನು ಒಂದಕ್ಕೊಂದು ಕಟ್ಟುವುದಿಲ್ಲ. ಕೊರಳಗಂಟೆ ಕಟ್ಟಿ, ಕಿವಿಗೆ ಬಣ್ಣದ ಉಣ್ಣೆಯ ಕುಚ್ಚು ತೊಡಿಸಿದ ಮುಂದಾಳು ನಡೆದ ದಾರಿಯಲ್ಲಿ ಉಳಿದವು ತಾವಾಗಿ ಹಿಂಬಾಲಿಸುತ್ತವೆ. ಲಾಮಾ ಹಗಲಲ್ಲೇ ಮೇಯುವ ಪ್ರಾಣಿ. ಹೀಗಾಗಿ ಮಧ್ಯಾಹ್ನ ಕಳೆಯುತ್ತಲೇ ಪಯಣ ನಿಲ್ಲಿಸಿ ಹೊರೆ ಇಳಿಸಬೇಕು. ಇಳಿಸಿದೊಡನೆ ಅದು ಧೂಳಿನಲ್ಲಿ ಹೊರಳುತ್ತದೆ. ಹೊರಳುವ ಮುನ್ನ ಒಡೆಯ ಅದರ ಬೆನ್ನಿನುದ್ದಕ್ಕೂ ಕೈಯಾಡಿಸಿ, ಎಲ್ಲಿಯಾದರೂ ಬಿಸಿಯೋ ಊತವೋ ಇದೆಯೇ ಎಂದು ನೋಡುತ್ತಾನೆ. ಇದ್ದರೆ ಮರುದಿನ ಆ ಲಾಮಾ ಬರಿಬೆನ್ನಲ್ಲಿ ನಡೆಯುತ್ತದೆ.