ಮಾಜಿ ಸೈನಿಕರ ಸೇವೆಗಳ ಸಮನ್ವಯ: ಟೆಕ್ಸಸ್ ಸಂಸ್ಥಾನದ ಶಾಸನಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮಾಜಿ ಸೈನಿಕರ ಯೋಗಕ್ಷೇಮವು ಮುಖ್ಯವಾಗಿ ಕೇಂದ್ರ ಸರ್ಕಾರದ ಹೊಣೆ. ಆದರೂ ಒಂದೊಂದು ಸಂಸ್ಥಾನವೂ ತನ್ನ ಶಾಸನಗಳಿಂದ ಬೇರೆ ಸೌಲಭ್ಯಗಳನ್ನು ಕಲ್ಪಿಸಿದೆ. ಇವು ಒಂದೇ ಯೋಜನೆಯಿಂದ ಹುಟ್ಟಿದವಲ್ಲ. ಟೆಕ್ಸಸ್ಸಿನಲ್ಲಿ ಕೇಂದ್ರದ ನೆರವನ್ನು ಪಡೆಯಲು ಸಹಾಯಮಾಡುವ ಕಚೇರಿಯು 1927ರಲ್ಲಿ ಏರ್ಪಟ್ಟಿತು. ಭೂಮಿಯನ್ನು ಕೊಂಡು ಸೈನಿಕರಿಗೆ ದೀರ್ಘಾವಧಿಯ ಕಂತುಗಳ ಮೇಲೆ ಮಾರುವ ಭೂಮಂಡಲಿಯು 1946ರಲ್ಲಿ ಬಂದಿತು. ಕಾಲೇಜು ಶುಲ್ಕದ ವಿನಾಯಿತಿಯಾದರೋ ಉನ್ನತ ಶಿಕ್ಷಣ ಮಂಡಲಿಯ ಕೈಯಲ್ಲಿತ್ತು. ಅರ್ಜಿದಾರನು ಒಬ್ಬನೇ, ಅವನು ಹತ್ತಬೇಕಾದ ಮೆಟ್ಟಿಲುಗಳು ಹಲವು.

ಸಮನ್ವಯವನ್ನು ಕಾನೂನಿನಲ್ಲಿ ಬರೆದುಬಿಟ್ಟರೆ ಸಾಲದೆಂಬುದಕ್ಕೆ ಭೂಮಂಡಲಿಯ ಇತಿಹಾಸವೇ ಸಾಕ್ಷಿ. ಭೂ ಕಮಿಷನರು, ಗವರ್ನರು, ಅಟಾರ್ನಿ ಜನರಲ್ ಈ ಮೂವರು ಅದರ ಸದಸ್ಯರು. ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಲೆಂಬುದು ಈ ರಚನೆಯ ಆಶಯವಾಗಿದ್ದಿರಬೇಕು. ಆದರೆ ಕೊನೆಯ ಇಬ್ಬರು ಬಹುತೇಕ ಸಭೆಗಳಿಗೆ ತಾವು ಬಾರದೆ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದರು. ಈ ನಡುವೆ ದಲ್ಲಾಳಿಗಳು ಅಗ್ಗದ ಭೂಮಿಯನ್ನು ತುಂಡುಮಾಡಿ, ಮಾಜಿ ಸೈನಿಕರ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಸರ್ಕಾರಕ್ಕೇ ಮಾರಿದರು. ಹೀಗೆ ಬಳಕೆಯಾದವರಲ್ಲಿ ಆಫ್ರಿಕನ್ ಮತ್ತು ಮೆಕ್ಸಿಕನ್ ಮೂಲದವರು ಬಹುಮಂದಿ. ಸಹಿ ಹಾಕಿದ್ದು ಸಾಲದ ಪತ್ರಕ್ಕೆಂಬುದನ್ನೇ ಅವರಲ್ಲಿ ಎಷ್ಟೋ ಜನ ಅರಿಯರು. 1954ರಲ್ಲಿ ಇದನ್ನು ಬಯಲಿಗೆಳೆದುದು ಕ್ಯುಯೆರೋ ಎಂಬ ಸಣ್ಣ ಊರಿನ ಪತ್ರಿಕೆ. ಅದರ ಸಂಪಾದಕ ಕೆನೆತ್ ಟವರಿಯವರಿಗೆ 1955ರ ಪುಲಿಟ್ಸರ್ ಬಹುಮಾನ ಸಂದಿತು; ಭೂ ಕಮಿಷನರ್ ಬ್ಯಾಸ್ಕಮ್ ಜೈಲ್ಸ್ ಸೆರೆಮನೆ ಸೇರಿದನು. 1956ರ ತಿದ್ದುಪಡಿಯು ಗವರ್ನರು ಮತ್ತು ಅಟಾರ್ನಿ ಜನರಲ್ಲರ ಸ್ಥಾನಗಳಿಗೆ ಇಬ್ಬರು ನಾಗರಿಕ ಸದಸ್ಯರನ್ನು ತಂದಿತು.

ಈ ಹಿನ್ನೆಲೆಯಲ್ಲಿ 2011ರ ಶಾಸನವನ್ನು ನಾವು ನೋಡಬೇಕು. ಅದು ಮಾಜಿ ಸೈನಿಕರ ಸೇವೆಗಳಿಗಾಗಿ ಒಂದು ಸಮನ್ವಯ ಪರಿಷತ್ತನ್ನು ಸ್ಥಾಪಿಸಿತು. ಆರೋಗ್ಯ, ಉದ್ಯೋಗ, ಶಿಕ್ಷಣ ಮೊದಲಾದ ಇಲಾಖೆಗಳ ಮುಖ್ಯರು ಒಟ್ಟಿಗೆ ಕುಳಿತು ಆಲೋಚಿಸುವುದು, ಕೇಂದ್ರದ ಹಾಗೂ ಖಾಸಗಿ ಸಂಸ್ಥೆಗಳೊಡನೆ ಸಂಬಂಧ ಬೆಳೆಸುವುದು, ವರದಿ ಒಪ್ಪಿಸುವುದು ಅದರ ಕರ್ತವ್ಯಗಳು. ಯಾವ ಇಲಾಖೆಯೂ ಇದರಿಂದ ಮತ್ತೊಂದರಲ್ಲಿ ಲೀನವಾಗಲಿಲ್ಲ. ಅಧಿಕಾರವನ್ನು ಬಿಟ್ಟುಕೊಡದವರ ನಡುವೆ ಸಮನ್ವಯ ಎಲ್ಲಿಯವರೆಗೆ ಸಾಧ್ಯ? ಪರಿಷತ್ತಿನ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎರಡು ವರ್ಷಗಳ ತರುವಾಯ, 2013ರಲ್ಲಿ, ಶುಲ್ಕ ವಿನಾಯಿತಿಯ ಆಡಳಿತವನ್ನು ಶಿಕ್ಷಣ ಮಂಡಲಿಯಿಂದ ತೆಗೆದು ಮಾಜಿ ಸೈನಿಕರ ಆಯೋಗಕ್ಕೇ ಒಪ್ಪಿಸಿದ ಶಾಸನವು ನಮಗೆ ಹೆಚ್ಚು ಗಟ್ಟಿಯಾದ ಕ್ರಮವೆಂದು ತೋರುತ್ತದೆ. 1927ರ ಆ ಸಣ್ಣ ಕಚೇರಿಯೇ ಬೆಳೆದು ಈ ಆಯೋಗವಾದುದು.