ಕೆ.ಜಿ.ಎಫ್. ಲೈನ್ ಮನೆಗಳಲ್ಲಿ ಚಳಿ ಮತ್ತು ನಿದ್ರೆ

ಲೈನ್ ಮನೆಗಳು ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಪ್ರದೇಶದಲ್ಲಿ ಗಣಿ ಕಾರ್ಮಿಕರಿಗಾಗಿ ಸಾಲುಸಾಲಾಗಿ ಕಟ್ಟಲಾದ ಕಿರಿದಾದ ವಸತಿಗಳು. ಆರಂಭಿಕ ಗುಡಿಸಲುಗಳ ಗೋಡೆಗಳು ಬಿದಿರಿನ ತಡಿಕೆಯವು. ಇವನ್ನು ಸ್ಥಳೀಯವಾಗಿ 'ತಟ್ಟಿ' ಎನ್ನುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ನಂತರವೂ ಅನೇಕ ಕುಟುಂಬಗಳು ಲೈನ್ ಮನೆಗಳಲ್ಲೇ ಉಳಿದವು.

ಹಿನ್ನೆಲೆ

ಈ ಪ್ರದೇಶವು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶವು 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, 3 ಕಿಲೋಮೀಟರಿಗೂ ಹೆಚ್ಚು ಆಳವಿದ್ದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಉಷ್ಣಾಂಶ 60 ಡಿಗ್ರಿಯನ್ನು ಮೀರಿತ್ತು. ಬೆವರಿನಿಂದ ತೊಯ್ದು ಮೇಲೆ ಬಂದ ಕಾರ್ಮಿಕನಿಗೆ ಹೊರಗಿನ ಗಾಳಿ ಇನ್ನಷ್ಟು ತಣ್ಣಗೆ ತಾಗುತ್ತಿತ್ತು.

ತಗಡಿನ ಮಾಡು

ತಗಡು ತೆಳುವಾದ್ದರಿಂದ ಬಿಸಿಲಿಗೆ ಬೇಗ ಕಾಯುತ್ತದೆ, ರಾತ್ರಿ ತಿಳಿಯಾದ ಆಕಾಶದತ್ತ ಶಾಖವನ್ನು ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಂದೇ ಕೋಣೆಯಲ್ಲಿ ಹಲವರು ಮಲಗಿದಾಗ ಅವರ ಉಸಿರಿನ ತೇವವು ಈ ತಗಡಿಗೆ ತಾಗಿ ಹನಿಗಟ್ಟುತ್ತದೆ; ಹಾಸಿಗೆ ಒದ್ದೆಯಾದರೆ ಹೊದಿಕೆ ಎಷ್ಟಿದ್ದರೂ ಚಳಿ ಹೋಗುವುದಿಲ್ಲ. ಮಾಡಿನ ಕೆಳಗೆ ಗೋಣಿತಾಟು ಅಥವಾ ಚಾಪೆಯನ್ನು ಬಿಗಿದು ನಡುವೆ ಗಾಳಿಯ ಪದರವನ್ನು ಉಳಿಸುವುದು ಇದಕ್ಕೆ ಸುಲಭ ಪರಿಹಾರ. ಗಣಿಯು ಹಗಲಿರುಳು ಪಾಳಿಗಳಲ್ಲಿ ನಡೆಯುತ್ತಿದ್ದುದರಿಂದ ರಾತ್ರಿಪಾಳಿಯವರು ಕಾದ ತಗಡಿನಡಿ ಹಗಲಿನಲ್ಲೇ ಮಲಗಬೇಕಾಗುತ್ತಿತ್ತು. ಅವರಿಗೂ ಇದೇ ಪದರ ಉಪಯುಕ್ತ.

ಹಾಸಿಗೆ ಮತ್ತು ಹೊದಿಕೆ

ನೆಲದ ಮೇಲೆ ಮಲಗುವವರ ಮೈಶಾಖವು ಕೆಳಗಿನಿಂದಲೂ ಸೋರಿಹೋಗುತ್ತದೆ. ಆದುದರಿಂದ ಎರಡು ಕಂಬಳಿಗಳಿದ್ದರೆ ಒಂದನ್ನು ಚಾಪೆಯ ಮೇಲೆ ಹಾಸುವುದು, ಎರಡನ್ನೂ ಹೊದೆಯುವುದಕ್ಕಿಂತ ಲೇಸು. ಕುರಿಯ ಉಣ್ಣೆಯ ಕಂಬಳಿ ಸ್ವಲ್ಪ ತೇವಗೊಂಡರೂ ಬೆಚ್ಚಗಿರುತ್ತದೆ, ಹತ್ತಿಯ ಹೊದಿಕೆಗೆ ಈ ಗುಣವಿಲ್ಲ.

ಅಪಾಯಗಳು

ಕಿಟಕಿ, ಬಾಗಿಲು ಮುಚ್ಚಿ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಟ್ಟುಕೊಂಡು ಮಲಗುವುದು ಪ್ರಾಣಾಂತಿಕ. ಅದರಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ರಿಸುತ್ತಿರುವವರಿಗೆ ಎಚ್ಚರವೇ ಆಗದಿರಬಹುದು. ಕೆ.ಜಿ.ಎಫ್.ನಲ್ಲಿ ಕಿಟಕಿಯನ್ನು ತೆರೆದಿಡುವುದೂ ಸುಲಭವಲ್ಲ. ಗಾಳಿ ಜೋರಾದಾಗ ಸೈನೈಡ್ ದಿಬ್ಬಗಳೆಂದು ಕರೆಯಲಾಗುವ ಗಣಿತ್ಯಾಜ್ಯದ ರಾಶಿಗಳಿಂದ ನುಣ್ಣನೆಯ ಧೂಳು ಮನೆಗಳಿಗೆ ನುಗ್ಗುತ್ತದೆ. ಸಿಲಿಕೋಸಿಸ್ ಪೀಡಿತ ಹಳೆಯ ಕಾರ್ಮಿಕರಿಗೆ ಹೊಗೆ, ಧೂಳು ಎರಡೂ ಹಾನಿಕರ. ಗಾಳಿ ಬೀಸುವ ದಿಕ್ಕಿಗೆ ವಿರುದ್ಧವಾದ ಬದಿಯಲ್ಲಿ, ಮಾಡಿಗೆ ಸಮೀಪದಲ್ಲಿ ಸಣ್ಣ ಕಿಂಡಿಯನ್ನು ಬಿಟ್ಟರೆ ಧೂಳು ಕಡಿಮೆಯಾಗಿ ತೇವವೂ ಹೊರಹೋಗುತ್ತದೆ.

ಪ್ರಸ್ತುತ ಸ್ಥಿತಿ

ಗಣಿ ಮುಚ್ಚಿದ ಮೇಲೆ ಇಲ್ಲಿನ ಅನೇಕರು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಸಾಗುವ ರೈಲುಗಳಲ್ಲಿ ಬೆಂಗಳೂರಿಗೆ ದಿನವೂ ದುಡಿಯಲು ಹೋಗುತ್ತಾರೆ. ಅದಕ್ಕಾಗಿ ಅವರು ಏಳುವ ನಸುಕಿನ ಹೊತ್ತಿನಲ್ಲೇ ತಗಡು ಅತ್ಯಂತ ತಣ್ಣಗಿರುತ್ತದೆ.