ಬೀಡುಕಬ್ಬಿಣದ ಮನೆತನ

ರಾಯಬಾಗದಿಂದ ಮಿರಜದತ್ತ ಹೊರಟ ರೈಲು ಕುಡಚಿಯ ಬಳಿ ಕೃಷ್ಣೆಯನ್ನು ದಾಟುತ್ತದೆ. ಮಿರಜದಲ್ಲಿ ಪುಣೆಯ ಹಾದಿ ಹಿಡಿದು ಸಾಂಗಲಿ, ಭಿಲವಡಿಗಳನ್ನು ಹಿಂದೆ ಹಾಕಿದರೆ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಬರುತ್ತದೆ. ಮೊದಲು ಇದರ ಹೆಸರು ಕುಂಡಲ ರೋಡ್. ಈಗಿನ ಹೆಸರು ಒಂದು ಮನೆತನದ್ದು. ಇದೇ ಹೆಸರನ್ನು ನಮ್ಮ ಭಾಗದ ಎಷ್ಟೋ ಬಾವಿಗಳ ಪಂಪುಗಳ ಮೇಲೆ ಅಚ್ಚೊತ್ತಿದ ಅಕ್ಷರಗಳಲ್ಲಿ ವಾಚಕರು ಕಂಡಿರಬಹುದು. ಆದರೆ ಆ ಉದ್ಯಮದ ಬೇರು ಇರುವುದು ಬೆಳಗಾವಿ ಜಿಲ್ಲೆಯಲ್ಲಿಯೇ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು.

ನೇಗಿಲು, ಪಂಪು, ಲೇತು. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಈ ಮೂರನ್ನೂ ಒಂದೇ ಮನೆಯವರು ಏಕೆ ತಯಾರಿಸಿದರು? ವ್ಯಾಪಾರದ ಜಾಣ್ಮೆ ಎಂದು ಹೇಳಿ ಮುಗಿಸಬಹುದು. ಆದರೆ ಭೌತಶಾಸ್ತ್ರದ ಉತ್ತರ ಬೇರೆ: ಮೂರರ ಒಡಲೂ ಒಂದೇ ಲೋಹ. ಅದು ಬೀಡುಕಬ್ಬಿಣ.

ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರ ಜೂನ್ 20ರಂದು, ಗುರ್ಲಹೊಸೂರಿನಲ್ಲಿ. ಚಿತ್ರಕಲೆಯ ಹಂಬಲದಿಂದ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಒಂದು ವಿಘ್ನ ಬಂದಿತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ಸರಿಯಾಗಿ ತಿಳಿಯುತ್ತಿರಲಿಲ್ಲ. ಬಣ್ಣ ಬೇಡದ ಚಿತ್ರವೆಂದರೆ ಯಂತ್ರಗಳ ನಕ್ಷೆ. ಅದನ್ನೇ ಕಲಿತು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ನ್ಯಾಯವಾಗಿ ಬರಬೇಕಾದ ಬಡ್ತಿ ಕೈತಪ್ಪಿದಾಗ ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು. ಅಣ್ಣ ರಾಮಚಂದ್ರರಾಯರೊಡನೆ 1888ರಲ್ಲಿಯೇ ಆರಂಭಿಸಿದ್ದ ಸೈಕಲ್ ಅಂಗಡಿ ಅಲ್ಲಿತ್ತು. ‘ಕಿರ್ಲೋಸ್ಕರ ಬ್ರದರ್ಸ್’ ಎಂಬ ಹೆಸರಿನ ‘ಬ್ರದರ್ಸ್’ ಈ ಇಬ್ಬರೇ.

ಸೈಕಲ್ಲಿನಿಂದ ದನಗಳ ಮೇವಿನ ಕಣಿಕೆ ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ 1903ರಲ್ಲಿ ಕಬ್ಬಿಣದ ನೇಗಿಲಿಗೆ ಬಂದರು. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಮರದ ನೇಗಿಲು ಮಣ್ಣನ್ನು ಗೀರುತ್ತದೆಯೇ ಹೊರತು ಮಗುಚುವುದಿಲ್ಲ. ಅದರ ಸಾಲು ಇಂಗ್ಲಿಷಿನ ‘ವಿ’ ಅಕ್ಷರದಂತೆ. ಎರಡು ಸಾಲುಗಳ ನಡುವೆ ಉಳುಮೆಯಾಗದ ದಿಂಡು ಉಳಿದುಬಿಡುತ್ತದೆ. ಎರೆಭೂಮಿಯಲ್ಲಿ ಆಳಕ್ಕೆ ಬೇರು ಬಿಟ್ಟ ಕರಿಕೆಗೆ ಇದರಿಂದ ಯಾವ ಹಾನಿಯೂ ಇಲ್ಲ. ಕಬ್ಬಿಣದ ನೇಗಿಲಿನಲ್ಲಿ ಕುಳದ ಹಿಂದೆ ತಿರುಚಿದ ರೆಕ್ಕೆಯೊಂದಿರುತ್ತದೆ. ಕುಳ ಬೆಣೆಯಂತೆ ಒಳಹೊಕ್ಕು ಮಣ್ಣಿನ ಪಟ್ಟಿಯನ್ನು ಸೀಳುತ್ತದೆ; ರೆಕ್ಕೆಯು ಆ ಪಟ್ಟಿಯನ್ನು ಮೇಲೆತ್ತಿ, ತಿರುಚಿ, ಬೋರಲಾಗಿ ಕೆಡಹುತ್ತದೆ. ಕಳೆಯ ಬೇರು ಬಿಸಿಲಿಗೆ ಬಂದು ಒಣಗುತ್ತದೆ.

ಇಷ್ಟು ಪ್ರಯೋಜನವಿದ್ದರೂ ಮೊದಲಿನ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು! ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಹೆದರಿದರಂತೆ. ಈ ಕಥೆಯನ್ನು ಹೇಳಿ ರೈತನ ಅಜ್ಞಾನಕ್ಕೆ ನಗುವುದು ವಾಡಿಕೆ. ನನಗೆ ಅದು ಸರಿಕಾಣದು. ಮರದ ನೇಗಿಲಿನ ತುದಿಗೂ ಕಬ್ಬಿಣದ ಕುಳವಿತ್ತಲ್ಲವೆ? ವಿಷದ ಮಾತಿನ ಹಿಂದೆ ಬೇರೊಂದು ಲೆಕ್ಕವೂ ಇದ್ದಿರಬೇಕು. ಆಳವಾಗಿ, ಅಗಲವಾಗಿ ಉಳುವ ನೇಗಿಲಿಗೆ ಹೆಚ್ಚು ಎತ್ತುಗಳು ಬೇಕು. ಮರದ ನೇಗಿಲು ಮುರಿದರೆ ಊರ ಬಡಿಗನಿದ್ದಾನೆ, ಅದರ ಕುಳ ಸವೆದರೆ ಕಮ್ಮಾರನಿದ್ದಾನೆ. ಬೀಡಿನ ಕುಳ ಸವೆದರೆ ಕಮ್ಮಾರನೇನು ಮಾಡಿಯಾನು? ಸುತ್ತಿಗೆಯ ಪೆಟ್ಟಿಗೆ ಅದು ಚಪ್ಪಟೆಯಾಗುವುದಿಲ್ಲ, ಒಡೆಯುತ್ತದೆ.

ಏಕೆ ಒಡೆಯುತ್ತದೆ? ಶುದ್ಧ ಕಬ್ಬಿಣ ಕರಗಲು 1538 ಸೆಂಟಿಗ್ರೇಡ್ ಡಿಗ್ರಿ ಶಾಖ ಬೇಕು. ಅದರಲ್ಲಿ ಶೇಕಡಾ 3ರಿಂದ 4ರಷ್ಟು ಇಂಗಾಲ ಬೆರೆತರೆ ಸುಮಾರು 1200 ಡಿಗ್ರಿಯಲ್ಲಿಯೇ ನೀರಾಗಿ ಹರಿಯುತ್ತದೆ. ಇದೇ ಬೀಡು. ಮರಳಿನ ಅಚ್ಚಿನ ಮೂಲೆಮೂಲೆಗೂ ತುಂಬಿಕೊಳ್ಳುವ ಗುಣ ಅದಕ್ಕೆ ಬಂದದ್ದು ಹೀಗೆ. ನಿಧಾನವಾಗಿ ಆರಿದರೆ ಇಂಗಾಲವು ಗ್ರಾಫೈಟಿನ ಸಣ್ಣ ಹಾಳೆಗಳಾಗಿ ಲೋಹದೊಳಗೆ ಬೇರ್ಪಡುತ್ತದೆ. ಹಾಳೆಯ ಅಂಚಿನಲ್ಲಿ ಬಿರುಕು ಸುಲಭವಾಗಿ ಹುಟ್ಟುವುದರಿಂದ ಬೂದುಬಣ್ಣದ ಈ ಬೀಡು ಪೆಟ್ಟನ್ನು ತಾಳದು. ತಟ್ಟನೆ ಆರಿಸಿದರೆ ಗ್ರಾಫೈಟಿಗೆ ಬೇರ್ಪಡಲು ಸಮಯವಿಲ್ಲ. ಇಂಗಾಲವು ಕಬ್ಬಿಣದೊಡನೆ ಸೇರಿ ಅತಿ ಗಡುಸಾದ ಬಿಳಿಯ ಬೀಡಾಗುತ್ತದೆ. ಇಂಗ್ಲೆಂಡಿನ ರಾಬರ್ಟ್ ರ‍್ಯಾನ್ಸಮ್ 1803ರಲ್ಲಿ, ಅಂದರೆ ಬೆಳಗಾವಿಯ ನೇಗಿಲಿಗಿಂತ ಸರಿಯಾಗಿ ನೂರು ವರ್ಷ ಮುಂಚೆ, ಕುಳದ ಕೆಳಮೈಯನ್ನು ಮಾತ್ರ ತಟ್ಟನೆ ಆರಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಮೇಲಿನ ಮೆತ್ತನೆಯ ಭಾಗ ಬೇಗ ಸವೆಯುತ್ತದೆ, ಕೆಳಗಿನ ಗಡುಸು ಅಂಚು ಉಳಿಯುತ್ತದೆ. ಉಳುತ್ತ ಉಳುತ್ತ ಕುಳ ತಾನೇ ಹರಿತವಾಗುತ್ತದೆ!

ರಿಪೇರಿಯಾಗದ ವಸ್ತುವನ್ನು ಮಾರುವವನು ಬದಲಿ ಭಾಗವನ್ನು ಒದಗಿಸಲೇಬೇಕು. ಅದಕ್ಕೆ ಸ್ವಂತ ಎರಕದ ಮನೆ ಬೇಕು. ಹೀಗೆ ಕೆಲಸ ಬೆಳೆಯುತ್ತಿದ್ದಾಗಲೇ ಬೆಳಗಾವಿಯಲ್ಲಿ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಔಂಧ ಸಂಸ್ಥಾನದ ರಾಜರು 32 ಎಕರೆ ಭೂಮಿಯನ್ನೂ ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟರು. 1910ರ ಮಾರ್ಚಿನಲ್ಲಿ ಕುಂಡಲ ರೋಡಿನ ಬರಡು ನೆಲದಲ್ಲಿ ಕಾರ್ಖಾನೆ ಎದ್ದಿತು. ಪಾಪಾಸುಕಳ್ಳಿ, ಹಾವುಗಳಲ್ಲದೆ ಅಲ್ಲಿ ಬೇರೇನೂ ಇರಲಿಲ್ಲ. ಲಕ್ಷ್ಮಣರಾಯರ ಮಗ ಶಂತನುರಾಯರು ಮುಂದೆ ಬರೆದ ಇಂಗ್ಲಿಷ್ ಆತ್ಮಕಥೆಗೆ ‘ಕಳ್ಳಿ ಮತ್ತು ಗುಲಾಬಿ’ ಎಂಬ ಅರ್ಥದ ಹೆಸರಿಟ್ಟದ್ದು ಇದೇ ನೆನಪಿನಿಂದ. ಬೆಳಗಾವಿ ಕಳೆದುಕೊಂಡದ್ದು ಎಷ್ಟೆಂಬುದನ್ನು ಆಗ ಯಾರೂ ಅಳೆದಂತಿಲ್ಲ.

ನಾಲ್ಕು ವರ್ಷಗಳಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಹೊರದೇಶದ ಕಬ್ಬಿಣ ನಿಂತುಹೋಯಿತು. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮಲ್ಲಿದ್ದ ಹಳೆಯ ತೋಪುಗಳನ್ನು ಕರಗಿಸಲು ಕೊಟ್ಟರು. ತೋಪು ನೇಗಿಲಾಯಿತು ಎಂಬುದು ಕವಿಗಳಿಗೆ ಪ್ರಿಯವಾದ ಮಾತು. ಎರಕದವನಿಗೆ ಅದು ಸಾಮಾನ್ಯ ಸಂಗತಿ. ಬೀಡನ್ನು ಎಷ್ಟು ಸಲವಾದರೂ ಕರಗಿಸಿ ಹೊಸ ಅಚ್ಚಿಗೆ ಹೊಯ್ಯಬಹುದು.

1926ರಲ್ಲಿ ಕಿರ್ಲೋಸ್ಕರವಾಡಿಯಿಂದ ಕೇಂದ್ರಾಪಗಾಮಿ ಪಂಪು ಹೊರಬಂದಿತು. ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಪದವೀಧರರಾದದ್ದೂ ಅದೇ ವರ್ಷ. ಪಂಪಿನೊಳಗೆ ಗಿರ್ರನೆ ತಿರುಗುವ ಗಾಲಿಯು ನೀರನ್ನು ಅಂಚಿಗೆ ಎಸೆಯುತ್ತದೆ. ಬಸವನಹುಳುವಿನ ಚಿಪ್ಪಿನಂತಹ ಬೀಡಿನ ಕವಚದೊಳಗೆ ಆ ವೇಗವು ಒತ್ತಡವಾಗಿ ಮಾರ್ಪಡುತ್ತದೆ. ಗಾಲಿಯ ವೇಗ ಇಮ್ಮಡಿಯಾದರೆ ನೀರು ಏರುವ ಎತ್ತರ ನಾಲ್ಕು ಮಡಿಯಾಗುತ್ತದೆ. ಆ ಸುರುಳಿ ಕವಚವನ್ನು ಬಡಿದು ಮಾಡುವುದು ಕಷ್ಟ, ಎರಕ ಹೊಯ್ಯುವುದು ಸುಲಭ. ನೇಗಿಲು ಕಲಿಸಿದ ವಿದ್ಯೆ ಇಲ್ಲಿ ಫಲಿಸಿತು.

ಹಳೆಯ ತೆರೆದ ಬಾವಿಗಳಲ್ಲಿ ಪಂಪನ್ನು ದಂಡೆಯ ಮೇಲಿಡದೆ, ಒಳಗೆ ಅರ್ಧಕ್ಕಿಳಿದ ಕಟ್ಟೆಯ ಮೇಲೆ ಕೂರಿಸಿರುವುದನ್ನು ನೋಡಿದ್ದೀರಲ್ಲವೆ? ಪಂಪು ನೀರನ್ನು ಎಳೆಯುವುದಿಲ್ಲ. ವಾಯುಮಂಡಲವೇ ಅದನ್ನು ಮೇಲಕ್ಕೆ ತಳ್ಳುತ್ತದೆ. ವಾಯುವಿನ ಒತ್ತಡ ಹೊರಬಲ್ಲ ನೀರಿನ ಕಂಬದ ಎತ್ತರ 10.3 ಮೀಟರು ಮಾತ್ರ. ಕೊಳವೆಯ ಘರ್ಷಣೆ ಮೊದಲಾದುವನ್ನು ಕಳೆದರೆ ಆರೇಳು ಮೀಟರೇ ಗತಿ. ಇಪ್ಪತ್ತು ಮೀಟರು ಆಳದ ಬಾವಿಯಲ್ಲಿ ಪಂಪು ಕೆಳಗಿಳಿಯಲೇಬೇಕು. ಅಲ್ಲಿಂದ ಮೇಲಕ್ಕೆ ತಳ್ಳುವುದಾದರೆ ಈ ಮಿತಿಯಿಲ್ಲ. ಕಪಿಲೆಯ ಎತ್ತುಗಳಿಗೆ ಬಿಡುವು ಸಿಕ್ಕಿದ್ದು ಇಂಥ ಕಟ್ಟೆಗಳಿಂದ.

ಪಂಪನ್ನು ತಿರುಗಿಸಲು ಯಂತ್ರ ಬೇಕಷ್ಟೆ. 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ನಿಗಾಗಿ ಕಿರ್ಲೋಸ್ಕರ ಆಯಿಲ್ ಎಂಜಿನ್ಸ್, ಬೆಂಗಳೂರಿನಲ್ಲಿ ವಿದ್ಯುತ್ ಮೋಟರಿಗಾಗಿ ಕಿರ್ಲೋಸ್ಕರ ಎಲೆಕ್ಟ್ರಿಕ್ ಹುಟ್ಟಿದವು. ಅದಕ್ಕೂ ಮೊದಲು, 1941ರಲ್ಲಿ, ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿ ಲೇತುಗಳಿಗಾಗಿ ಸ್ಥಾಪಿತವಾಗಿತ್ತು. ಯಂತ್ರಗಳನ್ನು ಹಡೆಯುವ ಯಂತ್ರ ಲೇತು. ಅದರ ತಳವೂ ಬೂದು ಬೀಡೇ. ನೇಗಿಲಿಗೆ ಮುಳುವಾಗಿದ್ದ ಗ್ರಾಫೈಟಿನ ಹಾಳೆಗಳು ಇಲ್ಲಿ ವರವಾಗುತ್ತವೆ: ಉಳಿ ಲೋಹವನ್ನು ಕೊರೆಯುವಾಗ ಏಳುವ ಕಂಪನವನ್ನು ಅವು ನುಂಗಿಬಿಡುತ್ತವೆ. ಉಕ್ಕಿನ ಪಟ್ಟಿಯನ್ನು ಬಡಿದರೆ ಗಂಟೆಯಂತೆ ಮೊಳಗುತ್ತದೆ. ಬೂದು ಬೀಡನ್ನು ಬಡಿದರೆ ಮಂದವಾದ ಸದ್ದು. ಪ್ರಯೋಗಶಾಲೆಯಲ್ಲಿ ನೀವೇ ಬಡಿದು ನೋಡಬಹುದು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಶಂತನುರಾಯರು 1994ರಲ್ಲಿ. ಉದ್ಯಮವು ಮೊಮ್ಮಕ್ಕಳು, ಮರಿಮಕ್ಕಳ ಕೈಯಲ್ಲಿ ಹಲವು ಕಂಪನಿಗಳಾಗಿ ಹರಡಿತು. 2009ರಲ್ಲಿ ಮನೆಯವರು ಮಾಡಿಕೊಂಡ ಒಪ್ಪಂದದ ಅರ್ಥವೇನೆಂಬ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಿರ್ಲೋಸ್ಕರವಾಡಿಯಲ್ಲಿ ಪಂಪುಗಳ ಕೆಲಸ ನಡೆದೇ ಇದೆ. ಹರಿಹರದ ಕಾರ್ಖಾನೆ ಮಾತ್ರ ಗಣಕಯಂತ್ರಗಳಿಂದ ನಡೆಯುವ ಲೇತುಗಳ ಯುಗದಲ್ಲಿ ತಾಳಲಾರದೆ, ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಆ ಊರಿನ ಎಷ್ಟೋ ಸಂಸಾರಗಳ ಅನ್ನ ಅದರೊಡನೆ ಹೋಯಿತು. ಅಲ್ಲಿ ತಯಾರಾದ ಲೇತುಗಳು ಸಣ್ಣ ವರ್ಕ್‌ಶಾಪುಗಳಲ್ಲಿ, ತಾಂತ್ರಿಕ ಶಾಲೆಗಳಲ್ಲಿ ಇನ್ನೂ ತಿರುಗುತ್ತಿವೆ.